‘ಪಿಕಲ್’ ಅಂದರೂ ಎದ್ದು ಕೂರುವ ಸ್ಪೀಕರ್

ಮಗ ತಂದಿಟ್ಟ ಸ್ಮಾರ್ಟ್ ಸ್ಪೀಕರ್ ಮೇಲೆ ರಾತ್ರಿ ಮಲಗುವ ಮುನ್ನ ಟವೆಲ್ ಹೊದಿಸುವ ಹಿರಿಯರಿದ್ದಾರೆ. ‘ಮನೆಯ ಮಾತನ್ನೆಲ್ಲ ಕೇಳಿಸಿಕೊಂಡು ಅಮೆರಿಕಕ್ಕೆ ಕಳಿಸುತ್ತಂತೆ’ ಎಂಬ ಗುಮಾನಿ. ಅದೇ ಮನೆಯ ಗೀಸರ್‌ಗೆ ಅಡಾಪ್ಟರ್ ನಡುವೆ ಹಾಕಿ 10 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ ಸಿಕ್ಕಿಸಿರುತ್ತದೆ. ಅದರ ಚಿಂತೆ ಯಾರಿಗೂ ಇಲ್ಲ.

ಸ್ಪೀಕರ್ ಸದಾ ಕಿವಿ ತೆರೆದಿರುತ್ತದೆ ಎಂಬುದು ನಿಜವೇ. ಆದರೆ ಆಲಿಸುವುದೇ ಬೇರೆ, ದಾಖಲಿಸಿ ಕಳಿಸುವುದೇ ಬೇರೆ. ಒಳಗಿನ ಚಿಪ್ ಕೆಲವೇ ಸೆಕೆಂಡುಗಳ ಸದ್ದನ್ನು ಹಿಡಿದಿಟ್ಟುಕೊಂಡು ಅದರಲ್ಲಿ ‘ಅಲೆಕ್ಸಾ’ದಂಥ ಕರೆಯ ಪದವಿದೆಯೇ ಎಂದು ಹುಡುಕುತ್ತದೆ. ಇಲ್ಲದಿದ್ದರೆ ಹಳೆಯದನ್ನು ಅಳಿಸಿ ಹೊಸ ಸದ್ದು ತುಂಬಿಕೊಳ್ಳುತ್ತದೆ, ಸ್ಲೇಟು ಒರೆಸಿ ಬರೆದ ಹಾಗೆ. ಕರೆದದ್ದು ಕೇಳಿಸಿತು ಎನಿಸಿದಾಗ ಮಾತ್ರ ದೀಪ ಹೊತ್ತಿ, ಮುಂದಿನ ಮಾತು ಇಂಟರ್‌ನೆಟ್ ದಾರಿ ಹಿಡಿಯುತ್ತದೆ.

‘ಎನಿಸಿದಾಗ’ ಎಂಬಲ್ಲೇ ತೊಡಕು. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2020ರಲ್ಲಿ ಹಲವು ಕಂಪನಿಗಳ ಸ್ಪೀಕರ್‌ಗಳ ಮುಂದೆ ನೆಟ್‌ಫ್ಲಿಕ್ಸ್ ಧಾರಾವಾಹಿಗಳನ್ನು 125 ಗಂಟೆ ಓಡಿಸಿ ನೋಡಿದರು. ಎಲ್ಲ ಮಾತನ್ನೂ ಕದ್ದು ದಾಖಲಿಸುತ್ತಿದ್ದುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಕರೆಯದೆಯೇ ಎಚ್ಚರಗೊಂಡ ಪ್ರಸಂಗಗಳು ದಂಡಿಯಾಗಿ ಸಿಕ್ಕವು. ‘ಎಕೋ’ ಎಂದರೆ ಓಗೊಡಬೇಕಿದ್ದ ಯಂತ್ರ ‘ಪಿಕಲ್’ ಎಂದರೂ ಎದ್ದು ಕೂರುತ್ತಿತ್ತು! 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಮನೆಯೊಂದರಲ್ಲಿ ಇಂಥದೇ ತಪ್ಪುಗಳು ಸಾಲಾಗಿ ಕೂಡಿಕೊಂಡು, ದಂಪತಿಯ ಮಾತುಕತೆ ಪರಿಚಿತರೊಬ್ಬರ ಫೋನಿಗೆ ಹೋಗಿಬಿಟ್ಟಿತ್ತು. ಅಂದರೆ ಯಂತ್ರ ಬೇಹುಗಾರನಿಗಿಂತ ಹೆಚ್ಚಾಗಿ ಅರೆಕಿವುಡ. ಟವೆಲ್ ಹೊದಿಸಿದರೆ ಆ ಕಿವುಡು ಹೆಚ್ಚೀತು, ಅಷ್ಟೆ. ಮೈಕ್ ಬಂದ್ ಮಾಡುವ ಗುಂಡಿ ಸ್ಪೀಕರ್‌ನಲ್ಲೇ ಇದೆ. ಒತ್ತಿದರೆ ಅಲೆಕ್ಸಾ ಸ್ಪೀಕರ್‌ಗಳಲ್ಲಿ ಕೆಂಪು ದೀಪ ಬರುತ್ತದೆ. ಹಾಗೆಂದು ಗುಮಾನಿ ಪೂರ್ತಿ ಸುಳ್ಳೂ ಅಲ್ಲ: ಕಂಪನಿಗಳ ಸಿಬ್ಬಂದಿ ಕೆಲವು ರೆಕಾರ್ಡಿಂಗ್‌ಗಳನ್ನು ಕೇಳುತ್ತಿದ್ದರೆಂಬುದು 2019ರಲ್ಲಿ ಬಯಲಾಗಿ ದೊಡ್ಡ ಸುದ್ದಿಯಾಯಿತು. ಆ್ಯಪ್ ತೆರೆದರೆ ತಮ್ಮ ಹಳೆಯ ರೆಕಾರ್ಡಿಂಗ್‌ಗಳನ್ನು ಮನೆಯವರೂ ಕೇಳಬಹುದು, ಅಳಿಸಲೂಬಹುದು.

ಕನ್ನ ಹಾಕುವವರು ಹುಡುಕುವ ಬಾಗಿಲು ಬೇರೆಯೇ. 2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತತ್ತರಿಸಿದವು. ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ಹೊಕ್ಕು ಅವನ್ನೇ ದಾಳಿಗೆ ಹೂಡಿತ್ತು. ಅದರ ಬಳಿ ಮಹಾವಿದ್ಯೆ ಏನೂ ಇರಲಿಲ್ಲ. ‘ಅಡ್ಮಿನ್’, ‘12345’ರಂಥ, ಕಾರ್ಖಾನೆಯಿಂದಲೇ ಬಂದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯಿತ್ತು, ಅಷ್ಟೇ. ಕಾರ್ಖಾನೆಯ ಪಾಸ್‌ವರ್ಡ್ ನಿಜಕ್ಕೂ ಬದಲಾಗಿದ್ದ ಕ್ಯಾಮೆರಾಗಳಲ್ಲಿ ಆ ಪಟ್ಟಿಯ ಆಟ ನಡೆಯುತ್ತಿರಲಿಲ್ಲ.

ನೆಟ್ ಹೋದರೆ ಮನೆಯೇ ಕತ್ತಲು ಎಂಬ ಭಯವೂ ಪೂರ್ತಿ ಸರಿಯಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಸೇವೆ ಕೈಕೊಟ್ಟಾಗ ಅಲೆಕ್ಸಾ ಎಷ್ಟೋ ಕಡೆ ಮೂಕವಾಯಿತು. ಆದರೂ ಗೋಡೆಯ ಸ್ವಿಚ್ಚು ಒತ್ತಿದರೆ ಸ್ಮಾರ್ಟ್ ಬಲ್ಬ್ ಉರಿಯಲು ಇಂಟರ್‌ನೆಟ್ ಬೇಕಿಲ್ಲ.

ಈ ಗುಣವೇ ನಮ್ಮೂರ ಪವರ್ ಕಟ್‌ಗಳಲ್ಲಿ ಫಜೀತಿಗೂ ಕಾರಣ. ನಡುರಾತ್ರಿ ಕರೆಂಟ್ ಹೋಗಿ ಬಂದಾಗ ಬಲ್ಬುಗಳೆಲ್ಲ ತಾವಾಗಿ ಝಗ್ಗನೆ ಹೊತ್ತಿಕೊಂಡರೆ ‘ಯಾರೋ ಹ್ಯಾಕ್ ಮಾಡಿದರು’ ಎಂದು ಮನೆಮಂದಿ ಗಾಬರಿಬೀಳುತ್ತಾರೆ. ಬಲ್ಬಿನ ಮಟ್ಟಿಗೆ ಕರೆಂಟ್ ಮರಳುವುದೂ ಒಂದೇ, ಯಾರೋ ಸ್ವಿಚ್ ಹಾಕುವುದೂ ಒಂದೇ. ಹೆಚ್ಚಿನ ಆ್ಯಪ್‌ಗಳಲ್ಲಿ, ಕರೆಂಟ್ ಬಂದಾಗ ಹಿಂದಿನ ಸ್ಥಿತಿಗೇ ಮರಳುವಂತೆ ಹೊಂದಿಸಿಡಬಹುದು. ಆರಿಸಿಟ್ಟ ಬಲ್ಬ್ ಕರೆಂಟ್ ಕುಡಿಯುತ್ತದೆ ಎಂಬ ದೂರಿನಲ್ಲಿ ಹುರುಳಿದೆ, ಆದರೆ ಅರ್ಧ ವ್ಯಾಟ್ ಎಂದುಕೊಂಡರೂ ವರ್ಷಕ್ಕೆ ನಾಲ್ಕೂವರೆ ಯೂನಿಟ್ ದಾಟದು.

ಇನ್ನು ಆ ಗೀಸರ್. ಥಟ್ಟನೆ ನೀರು ಕಾಯಿಸುವ ಪುಟ್ಟ ಗೀಸರ್‌ಗಳು ಸಾಮಾನ್ಯವಾಗಿ 3,000 ವ್ಯಾಟ್‌ನವು. 230 ವೋಲ್ಟ್‌ನಲ್ಲಿ ಅದು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್‌ನ ಪ್ಲಗ್ ಮೊದಲು ಬಿಸಿಯಾಗುತ್ತದೆ, ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದುತ್ತದೆ, ಆಮೇಲೆ ಸುಟ್ಟ ವಾಸನೆ. ಇದಕ್ಕೆ ಬೇಕಾದ್ದು 16 ಆಂಪಿಯರ್‌ನ ಪ್ಲಗ್. ಅಂಕಿಯನ್ನು ಪ್ಲಗ್ಗಿನ ಬೆನ್ನ ಮೇಲೆ ಅಚ್ಚು ಹಾಕಿರುತ್ತಾರೆ, ಕನ್ನಡಕ ಏರಿಸಿ ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ.