ಗ್ಯಾರೇಜಿನ ಗೋಡೆಗೆ ಎಸಿ: ಕೊರೆಯುವ ಮುನ್ನ

ಶಿಕಾಗೋ ಕಡೆಯ ನೇಪರ್‌ವಿಲ್, ಅರೋರಾ ಇರಲಿ, ಡೆಟ್ರಾಯ್ಟ್ ಮಗ್ಗುಲಿನ ನೋವೈ, ಟ್ರಾಯ್ ಇರಲಿ, ಎಷ್ಟೋ ಕನ್ನಡಿಗರ ಮನೆಗಳಲ್ಲಿ ಗ್ಯಾರೇಜು ಕಾರಿಗಷ್ಟೇ ಮೀಸಲಲ್ಲ. ಕನ್ನಡ ಕೂಟದ ನಾಟಕದ ತಾಲೀಮು, ಕೇರಂ, ವ್ಯಾಯಾಮ, ಮರಗೆಲಸ ಎಲ್ಲಕ್ಕೂ ಅದೇ ಜಾಗ. ಜುಲೈ ಸೆಕೆಯಲ್ಲಿ ಮಾತ್ರ ಅಲ್ಲಿ ನಿಲ್ಲಲಾಗದು. ಮನೆಯ ಸೆಂಟ್ರಲ್ ಎಸಿಯಿಂದಲೇ ಒಂದು ಕೊಳವೆ ಎಳೆದರಾಯಿತು ಎಂದು ಯೋಚಿಸುವವರಿದ್ದಾರೆ. ದಯವಿಟ್ಟು ಬೇಡ. ಪೆಟ್ರೋಲಿನ ಆವಿ, ಕಾರ್ಬನ್ ಮೊನಾಕ್ಸೈಡ್ ಅದೇ ದಾರಿ ಹಿಡಿದು ಮಕ್ಕಳು ಮಲಗುವ ಕೋಣೆಗೆ ಬರಬಹುದು; ಕಟ್ಟಡ ನಿಯಮವೂ ಒಪ್ಪುವುದಿಲ್ಲ. ಗ್ಯಾರೇಜಿಗೆ ಅದರದೇ ಎಸಿ ಬೇಕು.

ಈ ಕೆಲಸದಲ್ಲಿ ಯಂತ್ರಕ್ಕಿಂತ ಗೋಡೆಯೇ ಮುಖ್ಯ. ಎಸಿ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಅಷ್ಟೆ. ಅದರ ಬೆನ್ನು ಬಯಲಿಗೇ ಇರಬೇಕು. ಕಿಟಕಿ ಎಸಿ ಪಕ್ಕೆಯ ಸೀಳುಗಳಿಂದ ಗಾಳಿ ಎಳೆದು ಹಿಂದಿನಿಂದ ಬಿಸಿ ಬಿಡುತ್ತದೆ. ಅದನ್ನೇ ಗೋಡೆಯೊಳಗೆ ತುರುಕಿದರೆ ಪಕ್ಕೆ ಮುಚ್ಚಿಹೋಗಿ ಕಂಪ್ರೆಸರ್ ಕಾದು ನಿಲ್ಲುತ್ತದೆ. ಗೋಡೆಗೆಂದೇ ಮಾಡಿದ ಎಸಿ ಗಾಳಿ ಎಳೆಯುವುದೂ ಬಿಡುವುದೂ ಹಿಂಬದಿಯಿಂದಲೇ. ಸ್ಲೀವ್ ಎಂಬ ಲೋಹದ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿ, ಯಂತ್ರವನ್ನು ಅದರೊಳಗೆ ಜಾರಿಸಬೇಕು.

ಸ್ಲೀವಿನ ಅಗಲ ಸಾಮಾನ್ಯವಾಗಿ 26 ಇಂಚು. ಇಲ್ಲಿನ ಮರದ ಗೋಡೆಗಳಲ್ಲಿ ಸ್ಟಡ್‌ಗಳು 16 ಇಂಚಿಗೊಂದು. ಅಂದಮೇಲೆ ಒಂದನ್ನಾದರೂ ಕತ್ತರಿಸಲೇಬೇಕು. ಆ ಸ್ಟಡ್ ಹೊತ್ತಿದ್ದ ಭಾರವನ್ನು ಮೇಲೊಂದು ಅಡ್ಡತೊಲೆ, ಅದರ ಎರಡು ತುದಿಗೆ ಆನಿಕೆಯ ಸ್ಟಡ್‌ಗಳು ಹೊರಬೇಕು. ಛಾವಣಿಯ ಟ್ರಸ್‌ಗಳು ಆ ಗೋಡೆಯ ಮೇಲೆಯೇ ಕೂತಿದ್ದರೆ ತೊಲೆಯ ಅಳತೆಯನ್ನು ಬಲ್ಲವರೇ ಹೇಳಲಿ. ಭಾರ ಹೊರದ ಗೋಡೆ ಸಿಕ್ಕರೆ ನಾನಂತೂ ಅದನ್ನೇ ಆರಿಸುತ್ತೇನೆ. ಹೊರಗೆ ಇಟ್ಟಿಗೆ ಹೊದಿಕೆಯಿದ್ದರೆ ಮೇಲಿನ ಸಾಲಿಗೆ ಉಕ್ಕಿನ ಲಿಂಟಲ್ ಬೇಕು, ಗಾರೆಯವರನ್ನು ಕರೆಯಿರಿ. ಸ್ಲೀವನ್ನು ತಯಾರಕರು ಹೇಳಿದಷ್ಟು ಹೊರಕ್ಕೆ ಇಳಿಜಾರಾಗಿ ಕೂರಿಸದಿದ್ದರೆ ತೊಟ್ಟಿಕ್ಕುವ ನೀರು ಒಳಗೆ ಬಂದು ಮರ ಕೊಳೆಯುತ್ತದೆ. ನೀರುತಡೆಯ ಪಟ್ಟಿಯನ್ನು ಮೊದಲು ಕೆಳಗೆ, ಆಮೇಲೆ ಪಕ್ಕಕ್ಕೆ, ಕೊನೆಗೆ ಮೇಲೆ ಅಂಟಿಸಿ. ಆಗ ಮಳೆನೀರು ಒಂದರ ಮೇಲೊಂದು ಹರಿದು ಹೊರಬೀಳುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಎರಡು ಊರಿನ ರೂಢಿ ಬೇರೆ. ಶಿಕಾಗೋದಲ್ಲೂ ಅದರ ಹಲವು ಉಪನಗರಗಳಲ್ಲೂ ತಂತಿ ಲೋಹದ ಕೊಳವೆಯೊಳಗೇ ಹೋಗಬೇಕು. ಡೆಟ್ರಾಯ್ಟ್ ಸುತ್ತಿನ ಮನೆಗಳಲ್ಲಿ ರೋಮೆಕ್ಸ್ ಎಂಬ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಸಾಮಾನ್ಯ. ಮಿಶಿಗನ್ ಗೆಳೆಯರ ಸಲಹೆಯನ್ನು ಇಲಿನಾಯ್‌ನಲ್ಲಿ ಹಾಗೇ ಪಾಲಿಸಿದರೆ ಇನ್‌ಸ್ಪೆಕ್ಟರ್ ಬಿಚ್ಚಿಸುತ್ತಾರೆ. ಎಲ್ಲೇ ಆಗಲಿ, ಎಸಿಗೆ ಪ್ರತ್ಯೇಕ ಸರ್ಕ್ಯೂಟ್ ಇರಲಿ, ಎಕ್ಸ್‌ಟೆನ್ಷನ್ ಕಾರ್ಡ್ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಹಾಗಾಗಿ ಎಸಿಯೂ ಪ್ಲಗ್ಗೂ ನೆಲದಿಂದ 18 ಇಂಚಿಗಿಂತ ಸಾಕಷ್ಟು ಮೇಲಿರಲಿ. ನಗರಸಭೆಯ ಪರ್ಮಿಟ್, ಬಡಾವಣೆಯ ಸಂಘದ ಒಪ್ಪಿಗೆ ಮೊದಲೇ ಪಡೆಯಿರಿ.

ಎರಡು ಕಾರಿನ ಗ್ಯಾರೇಜು ಸುಮಾರು 400 ಚದರ ಅಡಿ. ಅಷ್ಟೇ ದೊಡ್ಡ ಕೋಣೆಗೆ 9,000ದಿಂದ 10,000 ಬಿಟಿಯು ಸಾಕು. ಗ್ಯಾರೇಜಿನ ತೆಳು ಬಾಗಿಲು ಬಿಸಿಲಿಗೆ ಕಾಯುವುದರಿಂದ 12,000, ಅಂದರೆ ಊರಲ್ಲಿ ನಾವು ಒಂದು ಟನ್ ಎನ್ನುವುದು, ಬೇಕಾಗಬಹುದು. ಅದಕ್ಕೂ ಮೊದಲು ಬಾಗಿಲಿಗೂ ಸೂರಿಗೂ ಇನ್ಸುಲೇಷನ್ ಹಾಕಿಸಿ.

2019ರ ಜನವರಿ 30ರಂದು ಶಿಕಾಗೋದಲ್ಲಿ ಉಷ್ಣಾಂಶ ಮೈನಸ್ 23 ಫ್ಯಾರನ್‌ಹೀಟ್‌ಗೆ ಇಳಿದಿತ್ತು. ಅಂಥ ಚಳಿಗೆ ಈ ಕಿಂಡಿ ತೆರೆದ ಬಾಗಿಲೇ ಸರಿ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಯಂತ್ರವನ್ನು ಎಳೆದು ತೆಗೆದಿಟ್ಟು ಸ್ಲೀವಿಗೆ ಫೋಮ್ ತುಂಬಿ, ಇಲ್ಲವೇ ಒಳಗೂ ಹೊರಗೂ ಹೊದಿಕೆ ಹಾಕಿ. ಬೇಸಿಗೆ ಶುರುವಾದ ಮೇಲೆ ಹಿಂಬದಿಯ ಜಾಲರಿ ನೋಡುತ್ತಿರಿ: ಕಾಟನ್‌ವುಡ್ ಮರಗಳ ಹತ್ತಿ ಹಾರುವ ಜೂನ್‌ನಲ್ಲಿ ಅದು ಬೇಗನೆ ಕಟ್ಟಿಕೊಳ್ಳುತ್ತದೆ. ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್‌ನಿಂದ ತೆಗೆದರೆ ಸಾಕು.