ಐವತ್ತು ದಾಟಿದ ಮೇಲೆ ಗಾಜು

ಗಾಜಿನ ಕಲೆ ಎಳೆಯ ವಯಸ್ಸಿನಲ್ಲೇ ಕೈಗೆ ಹತ್ತಬೇಕು ಅನ್ನುವವರು 1962ರಲ್ಲಿ ಅಮೆರಿಕದ ಟೊಲೀಡೊ ಕಲಾ ಮ್ಯೂಸಿಯಂ ಆವರಣದಲ್ಲಿ ನಡೆದದ್ದನ್ನು ನೋಡಬೇಕು. ಕಾರ್ಖಾನೆಯ ಹಂಗಿಲ್ಲದೆ ಕಲಾವಿದನೇ ಗಾಜು ಊದಬಹುದೇ ಎಂದು ಪರೀಕ್ಷಿಸಲು, ಕುಂಬಾರಿಕೆ ಕಲಿಸುತ್ತಿದ್ದ ಹಾರ್ವಿ ಲಿಟಲ್‌ಟನ್ ಅಲ್ಲೊಂದು ಪುಟ್ಟ ಕುಲುಮೆ ಹೂಡಿದ್ದರು. ಮೊದಲ ಪಾಕವೇ ಕೆಟ್ಟಿತು. ಆಗ ದಾರಿ ತೋರಿಸಿದವರು ಐವತ್ತು ದಾಟಿದ್ದ ಕೈಗಾರಿಕಾ ಸಂಶೋಧಕ ಡೊಮಿನಿಕ್ ಲಬೀನೊ. ಫೈಬರ್ ಎಳೆ ತೆಗೆಯಲು ಬಳಸುತ್ತಿದ್ದ ಗಾಜಿನ ಗೋಲಿಗಳನ್ನೇ ಕರಗಿಸಿ ಎಂದರು. ಗಾಜು ಹದಕ್ಕೆ ಬಂತು. 1965ರಲ್ಲಿ ನಿವೃತ್ತರಾದ ಅವರು ಪೂರ್ಣಾವಧಿ ಗಾಜಿನ ಕಲಾವಿದರಾದರು.

ಅವರು ಮೊದಲೇ ಗಾಜು ಬಲ್ಲವರಲ್ಲವೇ? ಹೌದು, ಆಕ್ಷೇಪ ನ್ಯಾಯವಾದದ್ದೇ. ಆದರೆ ನನ್ನ ವಾದವೂ ಅದೇ: ತಡವಾಗಿ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಲಿಟಲ್‌ಟನ್ ತಂದದ್ದು ಮಣ್ಣಿನ ಅನುಭವ, ಲಬೀನೊ ತಂದದ್ದು ಪ್ರಯೋಗಾಲಯದ್ದು. ಇನ್ನು ರಟ್ಟೆಯ ಬಲ. ಸಾವಿರ ಡಿಗ್ರಿ ಮೀರಿದ ಕುಲುಮೆಯೆದುರು ಕೊಳವೆ ತಿರುಗಿಸುವುದು ಸುಲಭವಲ್ಲ, ಒಪ್ಪೋಣ. ಅಮೆರಿಕದ ಗಾಜಿನ ಕಲಾವಿದ ಡೇಲ್ ಚಿಹೂಲಿ 1979ರಲ್ಲಿ ಭುಜಕ್ಕೆ ಪೆಟ್ಟಾದ ಮೇಲೆ ಊದುವ ಕೆಲಸವನ್ನು ತಂಡಕ್ಕೆ ಬಿಟ್ಟರು; ಕೃತಿಗಳು ಇನ್ನಷ್ಟು ದೊಡ್ಡವಾದವು. ತಂಡ ಸಾಕಲು ದುಡ್ಡೆಲ್ಲಿ ಅನ್ನುವವರಿಗೆ ವಿದ್ಯುತ್ ಗೂಡಿದೆ. ಬಣ್ಣದ ಗಾಜಿನ ಚೂರುಗಳನ್ನು ಮೇಜಿನ ಮುಂದೆ ಕೂತು ಜೋಡಿಸಿ, ಸುಮಾರು 800 ಡಿಗ್ರಿಗೆ ಕಾಯಿಸಿದರೆ ಒಂದಕ್ಕೊಂದು ಬೆಸೆಯುತ್ತವೆ. ಆಮೇಲೆ 500 ಡಿಗ್ರಿಯ ಆಸುಪಾಸಿನಲ್ಲಿ ತಡೆದು ನಿಧಾನಕ್ಕೆ ಆರಿಸಬೇಕು. ದಪ್ಪ ಕೃತಿಯಾದರೆ ದಿನಗಟ್ಟಲೆ. ಅವಸರಪಟ್ಟು ಬಾಗಿಲು ತೆರೆದರೆ ಒಳಗಿನ ಒತ್ತಡಕ್ಕೆ ಗಾಜು ಸೀಳುತ್ತದೆ, ತೆರೆದವರ ವಯಸ್ಸು ಎಷ್ಟೇ ಇರಲಿ.