ಋತುಗಳಿಗೆ ಕಾರಣ ಭೂಮಿಯ ಓರೆ

ಸೂರ್ಯನಿಂದ ಮೂರನೆಯ ಗ್ರಹವಾದ ಭೂಮಿಯು ಪೂರ್ಣ ಗೋಳಾಕಾರದ್ದಲ್ಲ. ಸಮಭಾಜಕ ವೃತ್ತದಲ್ಲಿ ಅದರ ವ್ಯಾಸ 12,756 ಕಿ.ಮೀ.; ಧ್ರುವದಿಂದ ಧ್ರುವಕ್ಕೆ 12,714 ಕಿ.ಮೀ. ತನ್ನ ಅಕ್ಷದ ಮೇಲೆ ತಿರುಗುತ್ತಲೇ ಅದು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸಾಗಿ, ಸುಮಾರು 365¼ ದಿನಗಳಲ್ಲಿ ಸೂರ್ಯನಿಗೆ ಒಂದು ಪ್ರದಕ್ಷಿಣೆಯನ್ನು ಮುಗಿಸುತ್ತದೆ.

ಈ ಪ್ರದಕ್ಷಿಣೆಯ ಪಥವು ದೀರ್ಘವೃತ್ತಾಕಾರದ್ದು. ಆದ್ದರಿಂದ ಸೂರ್ಯನು ಸಮೀಪವಿದ್ದಾಗ ಬೇಸಿಗೆ, ದೂರವಿದ್ದಾಗ ಚಳಿಗಾಲ ಎಂಬ ಭಾವನೆ ಅನೇಕರಲ್ಲಿದೆ. ವಸ್ತುಸ್ಥಿತಿ ಹಾಗಿಲ್ಲ. ಭೂಮಿಯು ಸೂರ್ಯನಿಗೆ ಅತಿ ಸಮೀಪವಾಗುವುದು ದೆಹಲಿಯು ಚಳಿಯಿಂದ ನಡುಗುವ ಜನವರಿಯ ಆರಂಭದಲ್ಲಿ. ಆಗಿನ ಅಂತರ ಸುಮಾರು 14.71 ಕೋಟಿ ಕಿ.ಮೀ. ಜುಲೈ ಆರಂಭದಲ್ಲಿ ಅದು ಸುಮಾರು 15.21 ಕೋಟಿ ಕಿ.ಮೀ.ಗೆ ಏರುತ್ತದೆ.

ಋತುಭೇದಕ್ಕೆ ನಿಜವಾದ ಕಾರಣ ಭೂಮಿಯ ಓರೆ. ಅದರ ಅಕ್ಷವು ನೆಟ್ಟಗಿರದೆ ಸುಮಾರು 23.4 ಡಿಗ್ರಿಯಷ್ಟು ವಾಲಿದೆ. ಜೂನ್ ತಿಂಗಳಲ್ಲಿ ಉತ್ತರ ಗೋಳಾರ್ಧವು ಸೂರ್ಯನ ಕಡೆಗೆ ವಾಲಿರುವುದರಿಂದ ಕಿರಣಗಳು ಹೆಚ್ಚು ನೇರವಾಗಿ ಬೀಳುತ್ತವೆ, ಹಗಲೂ ದೀರ್ಘವಾಗುತ್ತದೆ. ಡಿಸೆಂಬರಿನಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ ಉಂಟಾಗುತ್ತದೆ.

ಸಮಭಾಜಕ ವೃತ್ತದಿಂದ ದೂರ ಹೋದಂತೆಲ್ಲ ಈ ವ್ಯತ್ಯಾಸ ಹೆಚ್ಚುತ್ತದೆ. ದೆಹಲಿಯಲ್ಲಿ ಜೂನ್ ಅಂತ್ಯದ ಹಗಲು ಸುಮಾರು 14 ಗಂಟೆ. ಡಿಸೆಂಬರ್ ಅಂತ್ಯದ ಹಗಲು ಸುಮಾರು 10 ಗಂಟೆ 20 ನಿಮಿಷ. ಚೆನ್ನೈಯಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಚೆನ್ನೈ, ಹೈದರಾಬಾದ್, ಪುಣೆ, ಮುಂಬಯಿ ನಗರಗಳು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ದಕ್ಷಿಣದಲ್ಲಿವೆ. ಅಲ್ಲಿ ವರ್ಷಕ್ಕೆರಡು ಬಾರಿ ನಡುಹಗಲಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಕ್ಷಣದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕಾಣುವುದಿಲ್ಲ. ಈ ವೃತ್ತಕ್ಕೆ ಉತ್ತರದಲ್ಲಿರುವ ದೆಹಲಿಯಲ್ಲಿ ಹೀಗಾಗುವುದು ಎಂದಿಗೂ ಇಲ್ಲ. ಆಸಕ್ತರು ತಮ್ಮ ಮನೆಯ ತಾರಸಿಯ ಮೇಲೆ ಒಂದು ಕೋಲನ್ನು ನಿಲ್ಲಿಸಿ, ನಡುಹಗಲಿನ ನೆರಳನ್ನು ತಿಂಗಳಿಗೊಮ್ಮೆ ಗುರುತಿಸಿದರೆ ಭೂಮಿಯ ಓರೆಯ ಪರಿಣಾಮವನ್ನು ತಾವೇ ಕಾಣಬಹುದು.

ನಮ್ಮ ಅನ್ನದ ಪ್ರಶ್ನೆಯೂ ಈ ಓರೆಯಲ್ಲಿ ಅಡಗಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಉಪಖಂಡದ ನೆಲವು ಸಮುದ್ರಕ್ಕಿಂತ ಹೆಚ್ಚು ಕಾಯುತ್ತದೆ. ಅಲ್ಲಿ ವಾಯುವಿನ ಒತ್ತಡ ಕುಸಿದು, ಹಿಂದೂ ಮಹಾಸಾಗರದ ಕಡೆಯಿಂದ ತೇವಭರಿತ ಗಾಳಿ ಒಳನುಗ್ಗುತ್ತದೆ. ಇದೇ ನೈರುತ್ಯ ಮುಂಗಾರು. ದೇಶದ ವಾರ್ಷಿಕ ಮಳೆಯ ಬಹುಪಾಲನ್ನು ತರುವುದು ಇದೇ. ಅಕ್ಷವು ನೆಟ್ಟಗಿದ್ದಿದ್ದರೆ ವರ್ಷವಿಡೀ ಹಗಲಿರುಳು ಹೆಚ್ಚುಕಡಿಮೆ ಸಮವಾಗಿರುತ್ತಿದ್ದವು; ರೈತನು ಕಾದು ಕುಳಿತು ಬಿತ್ತನೆಗೆ ತೊಡಗುವ ಮುಂಗಾರು ಈಗಿನ ರೂಪದಲ್ಲಿ ಇರುತ್ತಿರಲಿಲ್ಲ.